ಕಣ್ಣಿಗೊಂದು ಚಳಿಗಾಲದ ಅಧಿವೇಶನ

"ಲೇಸರ್ ಮಾಡಿಸಿದ ಮೇಲೆ ಒಂದು ತಿಂಗಳು ಕಣ್ಣಿಗೆ ಧೂಳು ತಾಗಬಾರದು" ಎಂದರು ವೈದ್ಯರು. ತಮಾಷೆ ಮಾಡುತ್ತಿದ್ದಾರೋ ಏನೋ ಎಂದು ಅವರ ಮುಖ ನೋಡಿದೆ. ಪರೀಕ್ಷೆಗೆಂದು ಕನ್ನಡಕ ತೆಗೆದಿಟ್ಟಿದ್ದರಿಂದ ಮುಖವೇ ಕಾಣಲಿಲ್ಲ. ಅವರೂ ಬೆಳಗಾವಿಯವರೇ. ಒಳಚರಂಡಿಗೆಂದು ಅಗೆದು ಬಿಟ್ಟ ಮಣ್ಣಿನ ದಿಬ್ಬವನ್ನು ಹತ್ತಿ ಇಳಿದೇ ಆ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಯೊಳಗೆ ಬಂದಿದ್ದೆವು.

ನನ್ನ ನಂಬರು ಮೈನಸ್ ಐದೂವರೆ. ಮದುವೆಯ ಫೋಟೊಗಳಲ್ಲಿ ನನ್ನ ಕಣ್ಣಿರಬೇಕಾದ ಜಾಗದಲ್ಲಿ ಎರಡು ಟ್ಯೂಬ್‌ಲೈಟುಗಳು ಹೊಳೆಯುತ್ತಿವೆ. ಲೇಸರಿನ ಆಸೆ ಹತ್ತು ವರ್ಷ ಹಳೆಯದು, ಧೈರ್ಯ ಬಂದದ್ದು ಈಗ, ಮೂವತ್ತೇಳಕ್ಕೆ. ನಲವತ್ತು ದಾಟಿದ ಮೇಲೆ ಬರುವ ಚಾಳೀಸನ್ನು ಇದು ತಡೆಯುವುದಿಲ್ಲ ಎಂದೂ ವೈದ್ಯರು ಮೊದಲೇ ಹೇಳಿಬಿಟ್ಟಿದ್ದರು. ಅಷ್ಟು ದುಡ್ಡು ಸುರಿದು ನಾಲ್ಕು ವರ್ಷದ ಬರಿಗಣ್ಣು ಕೊಳ್ಳುವ ವ್ಯವಹಾರ ಎಂದು ಹೆಂಡತಿ ಲೆಕ್ಕ ಒಪ್ಪಿಸಿದಳು. ಅದೆಲ್ಲ ನನ್ನನ್ನು ಕಾಡಲಿಲ್ಲ. ಕಾಡಿದ್ದು ಧೂಳು. ನಮ್ಮೂರಿನಲ್ಲಿ ಕಣ್ಣಿಗೆ ಮಣ್ಣೆರಚುವುದು ನುಡಿಗಟ್ಟಲ್ಲ, ಹವಾಮಾನ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲೇ ಬೆಳಗಾವಿಯ ಹೆಸರು ಬಂದಾಗಿನಿಂದ ಅಗೆತಕ್ಕೆ ಒಂದು ಘನತೆಯೂ ಬಂದಿದೆ.

ಪರಿಹಾರ ಸೂಚಿಸಿದವರು ಕಾಕಾ. "ಇದಕ್ಕೆ ಯೋಚನೆ ಏಕೆ? ಡಿಸೆಂಬರಿನಲ್ಲಿ ಮಾಡಿಸು. ಅಧಿವೇಶನ ಇರುತ್ತದೆ" ಎಂದರು.

ಬೇರೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಲಗಾದ ಹತ್ತಿರ, ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ನಮಗೊಂದು ಸುವರ್ಣ ವಿಧಾನಸೌಧವಿದೆ. 11 ಅಕ್ಟೋಬರ್ 2012ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅದನ್ನು ಉದ್ಘಾಟಿಸಿದರು. ಚಳಿಗಾಲದಲ್ಲಿ ಹತ್ತು ದಿನ ಅಲ್ಲಿ ಸರ್ಕಾರವಿರುತ್ತದೆ, ಉಳಿದ ದಿನ ಗಾಳಿ ಇರುತ್ತದೆ. 2022ರಲ್ಲಿ ಅದರ ಮುಂದೆ ಶಾವಿಗೆ ಒಣಹಾಕಿದ್ದ ಚಿತ್ರ ರಾಜ್ಯವೆಲ್ಲ ಓಡಾಡಿ ದೊಡ್ಡ ರಾದ್ಧಾಂತವಾಯಿತು. ನನಗೇನೋ ಒಣಹಾಕಿದವರ ಬುದ್ಧಿಯ ಬಗ್ಗೆ ಗೌರವವೇ ಇದೆ. ಅಷ್ಟು ವಿಶಾಲವಾದ, ಧೂಳಿಲ್ಲದ ಅಂಗಳ ಈ ಜಿಲ್ಲೆಯಲ್ಲಿ ಇನ್ನೆಲ್ಲಿದೆ?

ಆ ಹತ್ತು ದಿನ ಮಾತ್ರ ಊರಿಗೆ ಕಣ್ಣು ಬರುತ್ತದೆ. ಗುಂಡಿಗಳು ಮುಚ್ಚುತ್ತವೆ, ಡಿವೈಡರುಗಳಿಗೆ ಬಣ್ಣ ಬೀಳುತ್ತದೆ, ಕುಂಡಗಳಲ್ಲಿ ಎಲ್ಲಿಂದಲೋ ಹೂವರಳುತ್ತವೆ, ಟ್ಯಾಂಕರುಗಳು ಬಂದು ರಸ್ತೆಗೆ ಚಳಿ ಹೊಡೆಯುತ್ತಿದೆಯೇನೋ ಎಂಬಂತೆ ಮೆಲ್ಲಗೆ ನೀರು ಚಿಮುಕಿಸುತ್ತವೆ. ನಮ್ಮ ಗಲ್ಲಿಯ ತಿರುವಿನಲ್ಲಿ ಅಧಿಕಾರಿಗಳು ಇಳಿದುಕೊಳ್ಳುವ ವಸತಿಗೃಹವೊಂದಿರುವುದರಿಂದ ಈ ಪುಣ್ಯದಲ್ಲಿ ನಮಗೂ ಪಾಲಿದೆ. ಎದುರು ಮನೆಯವರು ಮಗಳಿಗೆ ಗಂಡಿನವರನ್ನು ಕರೆಸುವುದು ಬೀದಿದೀಪ ಉರಿಯುವ ಈ ವಾರದಲ್ಲೇ. ಪಂಚಾಂಗದಲ್ಲಿ ಇದನ್ನು ಇನ್ನೂ ಸೇರಿಸಿಲ್ಲ ಎನ್ನುವುದಷ್ಟೇ ಕೊರತೆ. ಹೀಗೆ ಅಧಿವೇಶನದ ಮೊದಲ ದಿನಕ್ಕೆ ನನ್ನ ಮುಹೂರ್ತ ಕೂಡಿಬಂತು.

ಅದಕ್ಕೆ ಮೊದಲು ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ದಪ್ಪ ಅಳೆದರು. 538 ಮೈಕ್ರಾನ್, ಅರ್ಧ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಮುಚ್ಚಳದಂತೆ ಎತ್ತಿಡುವ ಮೇಲಿನ ಪದರಕ್ಕೆ, ಅಂದರೆ ಫ್ಲ್ಯಾಪಿಗೆ, 110, ಕೆತ್ತುವುದಕ್ಕೆ 80ರ ಮೇಲೆ ಚಿಲ್ಲರೆ, ಏನೇ ಆದರೂ ತಳದಲ್ಲಿ 250ಕ್ಕಿಂತ ಕಡಿಮೆ ಉಳಿಯಬಾರದು ಎಂದು ವೈದ್ಯರು ಕಾಗದದ ಮೇಲೆ ಕೂಡಿ ಕಳೆದು ತೋರಿಸಿದರು. ನನಗೆ ಗಂಟಲು ಕಟ್ಟಿತು. ಅಗೆಯುವ ಮುನ್ನ ಕೆಳಗೆ ಏನಿದೆ, ಎಷ್ಟಿದೆ, ಎಷ್ಟು ಉಳಿಯಬೇಕು ಎಂದು ನೋಡುವ ಮನುಷ್ಯನನ್ನು ನಾನು ಈ ಊರಿನಲ್ಲಿ ಮೊದಲ ಬಾರಿಗೆ ಕಂಡಿದ್ದೆ.

ಚಿಕಿತ್ಸೆಗೆ ಹಿಡಿದದ್ದು ಎರಡೂ ಕಣ್ಣಿಗೆ ಸೇರಿ ಇಪ್ಪತ್ತು ನಿಮಿಷ. ಹನಿ ಹಾಕಿ ಮರಗಟ್ಟಿಸಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಸಿಕ್ಕಿಸಿ, ಮೇಲೊಂದು ಬಳೆಯಂಥದ್ದನ್ನು ಒತ್ತಿದಾಗ ಕೆಲವು ಕ್ಷಣ ಎಲ್ಲವೂ ಕತ್ತಲಾಯಿತು. ಮತ್ತೆ ಬೆಳಕು ಬಂದಾಗ ಮಿಣುಕುವ ದೀಪವೊಂದನ್ನು ನೋಡುತ್ತಿರಲು ಹೇಳಿದರು. ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ. ಸುಡುವುದಿಲ್ಲವಂತೆ, ಇದು ತಣ್ಣನೆಯ ಕಿರಣ. ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯಕ್ಕೆ ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಣುಕನ್ನು ಒಯ್ದು, ಅದರ ಮೇಲೆ ಈ ಕಿರಣ ಬಿಟ್ಟು ನೋಡಿದರು. ಸುತ್ತಲಿನ ಭಾಗ ಕಿಂಚಿತ್ತೂ ಕಂದದೆ ಬೇಕಾದಲ್ಲಷ್ಟೇ ಗೀರು ಬಿದ್ದಿತ್ತು. ನಮ್ಮಲ್ಲಿ ಚರಂಡಿಗೆ ಅಗೆದರೆ ನೀರಿನ ಪೈಪು ಒಡೆಯುತ್ತದೆ, ಪೈಪಿಗೆ ಅಗೆದರೆ ಕೇಬಲ್ಲು ಹೋಗುತ್ತದೆ. ಕೊನೆಗೆ ವೈದ್ಯರು ಎತ್ತಿಟ್ಟಿದ್ದ ಫ್ಲ್ಯಾಪನ್ನು ಹೊಲಿಗೆಯಿಲ್ಲದೆ ಮೊದಲಿದ್ದಂತೆಯೇ ಮುಚ್ಚಿ, ಅಂಚನ್ನು ಸವರಿ, ಕೂತಿದೆಯೇ ಎಂದು ಎರಡು ಸಲ ನೋಡಿದರು. ಬಿಲ್ಲು ಅದಾದ ಮೇಲೆ ಬಂತು, ಮೊದಲಲ್ಲ.

ಕಪ್ಪು ಕನ್ನಡಕ ಏರಿಸಿ ಆಟೊದಲ್ಲಿ ಮನೆಗೆ ಹೊರಟರೆ ಚನ್ನಮ್ಮ ವೃತ್ತದಲ್ಲಿ ತಡೆದರು. ಬೆಂಗಾವಲಿನ ಕಾರುಗಳು ಹೋಗಬೇಕಿತ್ತು. ಈರುಳ್ಳಿ ಹೆಚ್ಚುವ ಕಡೆ ಮುಖವಿಟ್ಟಂತೆ ಎರಡೂ ಕಣ್ಣುಗಳಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ಪಕ್ಕದ ಬೈಕಿನವನು ನನ್ನನ್ನು ನೋಡಿ, ಹೋಗುತ್ತಿದ್ದ ಕಾರುಗಳನ್ನು ನೋಡಿ, "ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಸರ್" ಎಂದ.

ಮರುದಿನ ಬೆಳಿಗ್ಗೆ ಹಾಸಿಗೆಯಿಂದಲೇ ಗೋಡೆಯ ಕ್ಯಾಲೆಂಡರಿನ ತಿಥಿ, ನಕ್ಷತ್ರ ಓದಿದೆ. ಸೂರಿನ ಮೂಲೆಯ ಜೇಡರ ಬಲೆಯನ್ನೂ ಓದಿದೆ. ಅವ್ವ ಹರಳೆಣ್ಣೆಯ ಬಟ್ಟಲು ಹಿಡಿದು ಬಂದದ್ದು ದೂರದಿಂದಲೇ ಕಂಡದ್ದರಿಂದ ತಪ್ಪಿಸಿಕೊಂಡೆ. ಉಳಿದದ್ದು ಸೂತಕದ ಹಾಗೆ: ತಲೆಗೆ ನೀರಿಲ್ಲ, ಕಣ್ಣು ಉಜ್ಜುವಂತಿಲ್ಲ, ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಕವಚ, ಗಂಟೆಗೊಮ್ಮೆ ಕೃತಕ ಕಣ್ಣೀರು. ಅಷ್ಟು ದಿನವೂ ಗಲ್ಲಿ ಹೊಳೆಯುತ್ತಿತ್ತು. ಕಿಟಕಿಯಿಂದ ಹೊಸ ಡಾಂಬರನ್ನು ನೋಡುತ್ತಾ ಅದರ ದಪ್ಪವನ್ನು ಮೈಕ್ರಾನಿನಲ್ಲಿ ಅಂದಾಜು ಮಾಡುವುದು ನನಗೊಂದು ಹವ್ಯಾಸವಾಯಿತು.

ಹತ್ತನೆಯ ದಿನ ಸದನವನ್ನು ಮುಂದೂಡಿದರು. ಹನ್ನೊಂದನೆಯ ದಿನ ಕುಂಡಗಳು ಲಾರಿ ಹತ್ತಿದವು. ಟ್ಯಾಂಕರು ಬರಲಿಲ್ಲ. ಹದಿನಾಲ್ಕಕ್ಕೆ ಡಾಂಬರಿನ ಅಂಚು ಮೇಲೆದ್ದಿತು, ಫ್ಲ್ಯಾಪ್ ಜರುಗಿದಂತೆ. ಯಾರೋ ಉಜ್ಜಿರಬೇಕು ಎಂದುಕೊಂಡೆ. ಕಬ್ಬಿನ ಟ್ರ್ಯಾಕ್ಟರು ಉಜ್ಜಿತ್ತು, ಎರಡೆರಡು ಟ್ರೇಲರು ಕಟ್ಟಿಕೊಂಡು, ಹಿಂದೆ ಕೆಂಪು ದೀಪವಿಲ್ಲದೆ, ಮುಂದೆ ಹಾಡು ಹಚ್ಚಿಕೊಂಡು. ನಾನು ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಟವೆಲ್ಲು ತುರುಕಿ ಉಳಿದ ದಿನಗಳನ್ನು ಕಳೆದೆ.

ತಿಂಗಳ ತಪಾಸಣೆಗೆ ಹೋದಾಗ ಸಂಜೆ ಏಳಾಗಿತ್ತು. ಆ ದಿಬ್ಬ ಆಸ್ಪತ್ರೆಯ ಮುಂದೆ ಮರಳಿ ಎದ್ದಿತ್ತು. ವೈದ್ಯರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು.

"ಒಣಗಿದಂತೆ ಅನಿಸುತ್ತದೆಯೇ?"

"ಸ್ವಲ್ಪ, ಸರ್."

"ರಾತ್ರಿ ಹೊತ್ತು ಬೀದಿದೀಪಗಳ ಸುತ್ತ ಉಂಗುರದಂತೆ ಏನಾದರೂ ಕಾಣುತ್ತದೆಯೇ? ಮೊದಮೊದಲು ಬಹಳ ಜನರಿಗೆ ಕಾಣುತ್ತದೆ."

"ಅಧಿವೇಶನ ಮುಗಿಯುವವರೆಗೆ ಕಾಣುತ್ತಿತ್ತು, ಸರ್. ಈಗ ಇಲ್ಲ."

ವೈದ್ಯರು ತಲೆಯಾಡಿಸಿ ಕಡತದಲ್ಲಿ ಬರೆದುಕೊಂಡರು. ಮೇಜಿನ ಆಚೆಯಿಂದ, ತಲೆಕೆಳಗಾಗಿ, ಬರಿಗಣ್ಣಿನಿಂದಲೇ ಓದಿದೆ: "ಉಂಗುರಗಳಿಲ್ಲ. ಪ್ರಗತಿ ತೃಪ್ತಿಕರ."