ಹಗುರ ಕಾಂಕ್ರೀಟಿನ ಇಂಗಾಲದ ಲೆಕ್ಕ

ಹಾರುಬೂದಿಯನ್ನು (ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ನುಣ್ಣನೆಯ ಬೂದಿಯನ್ನು) ಉಂಡೆ ಕಟ್ಟಿ ಮಾಡಿದ ಜಲ್ಲಿ ತ್ಯಾಜ್ಯದಿಂದ ಆದದ್ದು, ಹಾಗಾಗಿ ಅದರ ಹಗುರ ಕಾಂಕ್ರೀಟ್ ತಾನಾಗಿಯೇ ಪರಿಸರಸ್ನೇಹಿ ಎಂದು ಹಗುರ ಕಾಂಕ್ರೀಟಿನ ಬಗೆಗಿನ ಲೇಖನವೊಂದು ಹೇಳುವ ಮಾತನ್ನು ಪೂರ್ತಿ ಒಪ್ಪಲಾಗದು. ಬೂದಿಯ ಉಂಡೆಗಳನ್ನು ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಲು ಇಂಧನ ಬೇಕು, ಅದರಿಂದಲೂ ಇಂಗಾಲ ಹೊಮ್ಮುತ್ತದೆ. ಸುಡದೆ ಗಟ್ಟಿಗೊಳಿಸುವ ವಿಧಾನದಲ್ಲಿ ಇಂಧನ ಉಳಿದರೂ ಉಂಡೆ ಕಟ್ಟಲು ಸಿಮೆಂಟೋ ಸುಣ್ಣವೋ ಬೇಕಾಗುತ್ತದೆ. ಮೇಲಾಗಿ ಇಂಥ ಜಲ್ಲಿ ಕಲ್ಲಿನ ಜಲ್ಲಿಯಷ್ಟು ಗಟ್ಟಿಯಲ್ಲದ್ದರಿಂದ ಅದೇ ಬಲ ಬರಲು ಸಾಮಾನ್ಯವಾಗಿ ಸಿಮೆಂಟಿನ ಪ್ರಮಾಣವನ್ನೇ ಏರಿಸುತ್ತಾರೆ, ಕಾಂಕ್ರೀಟಿನ ತಯಾರಿಕೆಯಲ್ಲಿ ಹೊಮ್ಮುವ ಇಂಗಾಲದ ಬಹುಪಾಲು ಬರುವುದೂ ಸಿಮೆಂಟಿನಿಂದಲೇ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಬೆಂಗಳೂರಿಗೆ ಬೂದಿ ತರುವ ಲಾರಿಯ ಡೀಸೆಲ್ಲನ್ನೂ ಸೇರಿಸಿಕೊಳ್ಳಿ. ಬಹುಮಹಡಿ ಕಟ್ಟಡದಲ್ಲಿ ಚಾವಣಿಯ ಭಾರ ಇಳಿದು ಕಂಬ, ತಳಪಾಯಗಳ ಕಬ್ಬಿಣವೂ ಕಾಂಕ್ರೀಟೂ ಕಡಿಮೆಯಾದರೆ ಲೆಕ್ಕ ತಿರುಗಬಹುದು ನಿಜ (ನಮ್ಮ ಬಡಾವಣೆಗಳ ಎರಡಂತಸ್ತಿನ ಮನೆಗೆ ಆ ಲಾಭ ಅಷ್ಟಾಗಿ ದಕ್ಕದು). ಆದ್ದರಿಂದ ಒಂದು ಘನಮೀಟರ್ ಕಾಂಕ್ರೀಟಿನ ಇಂಗಾಲದ ಲೆಕ್ಕದ ಜೊತೆಗೆ ಇಡೀ ಕಟ್ಟಡದ ಲೆಕ್ಕವನ್ನೂ ಲೇಖಕರು ಕೊಡಬೇಕಿತ್ತು.