ವಾಲ್ವ್ ಕಾಯಿಲೆ ‘ಮನೆತನದ ರೋಗ’ ಅಲ್ಲ

“ರುಮ್ಯಾಟಿಕ್ ಹೃದಯರೋಗ ತಾಯಿಗಿದ್ದರೆ ಮಕ್ಕಳಿಗೂ ಬಂದೇ ಬರುತ್ತದೆ, ಅಂಥ ಮನೆಯ ಹೆಣ್ಣು ತರಬೇಡಿ” ಅಂತ ವಿಜಯಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಮೆಸೇಜ್ ತಪ್ಪು. ಈ ರೋಗ ಶುರುವಾಗುವುದು ಗಂಟಲಿನಿಂದ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಿಗೆ ಸರಿಯಾದ ಔಷಧಿ ಬೀಳದಿದ್ದರೆ, ಕೆಲವರಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಹೃದಯದ ವಾಲ್ವ್‌ಗಳ ಮೇಲೆ ತಿರುಗಿ ಬೀಳುತ್ತದೆ. ಆ ಕೆಲವರು ಯಾರು ಅನ್ನುವುದರಲ್ಲಿ ಜೀನ್‌ಗಳ ಪಾತ್ರ ಇದೆ, ಸುಳ್ಳಲ್ಲ. ಆದರೆ ಈ ಹೃದಯರೋಗಕ್ಕೆ ದಾರಿಮಾಡುವ ರುಮ್ಯಾಟಿಕ್ ಜ್ವರದ ಬಗ್ಗೆ ನಡೆದ ಅವಳಿಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬಂದದ್ದು ತದ್ರೂಪಿ ಅವಳಿಗಳಲ್ಲಿ ಸುಮಾರು 44%, ಉಳಿದ ಅವಳಿಗಳಲ್ಲಿ 12%. ಜೀನ್ ಒಂದೇ ಇದ್ದರೂ ಅರ್ಧಕ್ಕಿಂತ ಜಾಸ್ತಿ ಜನ ತಪ್ಪಿಸಿಕೊಂಡರು, ಅಲ್ವಾ? ಸುಮ್ನೆ ಸಂಬಂಧ ಮುರಿಯಬೇಡಿ. ಮಕ್ಕಳಿಗೆ, ಅದರಲ್ಲೂ 5ರಿಂದ 15 ವರ್ಷದವರಿಗೆ, ಜ್ವರದ ಜೊತೆ ಗಂಟಲು ನೋವು ಬಂದರೆ ಡಾಕ್ಟರಿಗೆ ತೋರಿಸಿ.