ಪಕ್ಕದ ಲಾರಿಯವರೂ ಸ್ವಲ್ಪ ಕಾಲು ಸಡಿಲಿಸಲಿ

ಹೆದ್ದಾರಿಯಲ್ಲಿ ಒಂದು ಲಾರಿ ಇನ್ನೊಂದನ್ನು ನಿಧಾನವಾಗಿ ಹಿಂದಿಕ್ಕುವ ಕುರಿತ ಲೇಖನ ಓದಿದೆ. ಲಾರಿ ಚಾಲಕರು ಬೇಕೆಂದೇ ಎರಡೂ ಲೇನ್‌ಗಳನ್ನು ಅಡ್ಡಗಟ್ಟಿ ಹಿಂದಿನವರನ್ನು ಸತಾಯಿಸುತ್ತಾರೆ ಎಂಬ ಅದರ ಲೇಖಕರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ವೇಗ ನಿಯಂತ್ರಕ ಇರುವ ಲಾರಿ ಎಷ್ಟು ತುಳಿದರೂ ಒಂದು ಮಿತಿ ದಾಟುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಲಾರಿಯನ್ನು 82ರಲ್ಲಿ ಹೋಗುವ ಲಾರಿ ಹಿಂದಿಕ್ಕಬೇಕು ಎಂದುಕೊಳ್ಳಿ. ಎರಡರ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಸೇರಿ 100 ಮೀಟರ್ ಎಂದರೂ ಮೂರು ನಿಮಿಷ ಬೇಕು. ಅಷ್ಟರಲ್ಲಿ ನಾಲ್ಕು ಕಿಲೋಮೀಟರ್ ರಸ್ತೆ ಮುಗಿದಿರುತ್ತದೆ, ಹಿಂದಿನ ಕಾರಿನವರ ತಾಳ್ಮೆ ಅದಕ್ಕೂ ಮೊದಲೇ!

ನನ್ನ ತಕರಾರು ಪಕ್ಕದ, ಅಂದರೆ ದಾರಿ ಬಿಟ್ಟುಕೊಡಬೇಕಾದ ಲಾರಿಯವರ ಮೇಲೆ. ಆಕ್ಸಿಲರೇಟರ್ ಮೇಲಿನ ಕಾಲನ್ನು ಕೆಲವು ಕ್ಷಣ ಸಡಿಲಿಸಿ ವೇಗವನ್ನು 75ಕ್ಕೆ ಇಳಿಸಿದರೆ ಇಡೀ ಪ್ರಸಂಗ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅದನ್ನೇ ಮಾನದ ಪ್ರಶ್ನೆ ಮಾಡಿಕೊಂಡರೆ ಏನು ಹೇಳುವುದು? ಪಳಗಿದ ಚಾಲಕರ ರೀತಿಯೇ ಬೇರೆ. ದಾಟಿದ ಟ್ರೈಲರ್‌ನ ಹಿಂಬದಿ ತಮ್ಮ ಮೂತಿಯಿಂದ ಸಾಕಷ್ಟು ಮುಂದೆ ಸರಿದ ಮೇಲೆ ಹೆಡ್‌ಲೈಟನ್ನು ಒಮ್ಮೆ ಮಿನುಗಿಸಿ ‘ಒಳಗೆ ಬನ್ನಿ’ ಎನ್ನುತ್ತಾರೆ. ಮುಂದಿನವರು ಲೇನಿಗೆ ಮರಳಿ, ಇಂಡಿಕೇಟರ್ ಮಿನುಗಿಸಿ ನಮಸ್ಕಾರ ಹೇಳುತ್ತಾರೆ. ರಾತ್ರಿ ಕನ್ನಡಿಯಲ್ಲಿ ಆ ಅಂತರ ಅಂದಾಜಾಗುವುದು ಕಷ್ಟ. ಹಾಗಾಗಿ ಇದು ಬರೀ ಸೌಜನ್ಯವಲ್ಲ. ಆದರೂ ಕನ್ನಡಿ ನೋಡಿಯೇ ಸರಿಯಬೇಕು ಎನ್ನುವುದು ಬೇರೆ ಮಾತು.

ಭಾರ ಹೊತ್ತು ಏರಿನಲ್ಲಿ ಹಿಂದಿಕ್ಕಲು ಹೊರಡುವವರನ್ನು ನಾನು ಸಮರ್ಥಿಸುವುದಿಲ್ಲ.

ಇನ್ನು, ಬ್ರೇಕಿಗೆಂದು ಲಾರಿ ಮುಂದೆ ಬಿಟ್ಟುಕೊಂಡ ಅಂತರವನ್ನು ಖಾಲಿ ಜಾಗವೆಂದು ಭಾವಿಸಿ ನುಗ್ಗುವ ಕಾರಿನವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ, ಏಕೆ?